ಹುತ್ತದ ಹತ್ತಿರ ಒಂದು ಕೆಮ್ಮು

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದವರೆಲ್ಲ ಗೊಮ್ಮಟನ ಮುಖ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಅವನ ಕಾಲ ಬಳಿಯ ಹುತ್ತಗಳ ಕಡೆಗೆ. ಚನ್ನರಾಯಪಟ್ಟಣದಲ್ಲಿ ಮೇಷ್ಟ್ರಾಗಿದ್ದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. 981ರಲ್ಲಿ ಚಾವುಂಡರಾಯ ಮಾಡಿಸಿದ್ದು ಎಂದು ಒಪ್ಪಿಸಿ, ಹುತ್ತದಿಂದ ತಲೆ ಹಾಕುವ ಹಾವು ತೋರಿಸುತ್ತಿದ್ದೆ. ಒಂದು ಸಲ ಅರಸೀಕೆರೆ ಕಡೆಯ ಹುಡುಗನೊಬ್ಬ ಕೇಳಿದ: “ಸಾರ್, ಇಷ್ಟು ದೊಡ್ಡ ಹುತ್ತ ಇದ್ಮೇಲೆ ಕರಡಿ ಬರ್ಲಿಲ್ವಾ?” ಎಲ್ಲರೂ ನಕ್ಕರು. ನಾನೂ ನಕ್ಕೆ, ನಗಬಾರದಿತ್ತು.

ನಮಗೆ ಹುತ್ತ ಎಂದರೆ ನಾಗಪ್ಪ, ತನಿ ಎರೆಯುವ ಜಾಗ. ಕರಡಿಗೆ ಅದು ಅಡುಗೆಮನೆ. ಉದ್ದನೆಯ ಉಗುರಿನಿಂದ ಕೆರೆದು, ಮಣ್ಣನ್ನು ಉಫ್ ಎಂದು ಊದಿ, ಗೆದ್ದಲನ್ನು ಸೊರ್ ಎಂದು ಹೀರುತ್ತದೆ. ಅದಕ್ಕೆಂದೇ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲು ಇಲ್ಲ. ಆ ಸದ್ದಿನಲ್ಲಿ ಮುಳುಗಿದ ಪ್ರಾಣಿಗೆ ನಮ್ಮ ಹೆಜ್ಜೆ ಕೇಳುವುದಿಲ್ಲ. ಮೂಗು ಚುರುಕು, ಕಣ್ಣು ಮಂದ. ತಲೆಯೆತ್ತಿದಾಗ ನಾವು ಎದುರಿಗೇ ಇದ್ದರೆ ಅದು ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಬೆನ್ನ ಮೇಲೆ ಮರಿ ಕೂತಿದ್ದರಂತೂ ಕೇಳುವುದೇ ಬೇಡ.

ಇದನ್ನೆಲ್ಲ ನನಗೆ ಕಲಿಸಿದ್ದು ಪುಸ್ತಕವಲ್ಲ, ಭಾವ. ಅಕ್ಕನನ್ನು ಕೊಟ್ಟದ್ದು ಅರಸೀಕೆರೆ ತಾಲ್ಲೂಕಿನ ಹಿರೇಕಲ್ ಗುಡ್ಡದ ಬುಡದ ಊರಿಗೆ. ಈಗ ಆ ಕಡೆ ಕರಡಿಧಾಮವಾಗಿದೆ. ಆಗ ಬರೀ ಗುಡ್ಡ, ಬಂಡೆಯ ಪೊಟರೆಗಳು, ಕಾರೆ, ಎಲಚಿ. (ಅರಕಲಗೂಡಿನ ನಮ್ಮ ಬೀಗರಿಗೆ ಆನೆಯದೇ ಚಿಂತೆ. ಕರಡಿ ಎಂದರೆ “ಅಷ್ಟೇನಾ?” ಅನ್ನುತ್ತಾರೆ.) ಮೊದಲ ಸಲ ಭಾವನ ಹಿಂದೆ ತೋಟಕ್ಕೆ ಹೋದಾಗ ಅವರು ಬದುವಿನ ಪ್ರತಿ ತಿರುವಿನಲ್ಲೂ ಗಟ್ಟಿಯಾಗಿ ಕೆಮ್ಮುತ್ತಿದ್ದರು. ಬೀಡಿ ಕೆಮ್ಮು ಅಂದುಕೊಂಡೆ.

“ಕರಡಿ ಹೆದರಿಸೋಕಾ ಭಾವ?”

“ಹೆದರಿಸೋಕಲ್ಲ ಮೇಷ್ಟ್ರೇ, ಗೊತ್ತಾಗ್ಲಿ ಅಂತ. ಯಾರ ಮನೆಗಾದ್ರೂ ಹೋದ್ರೆ ಹೊಸ್ಲತ್ರ ಕೆಮ್ಮಲ್ವಾ?”

ಆ ಮಾತು ನನ್ನನ್ನು ಬಿಟ್ಟಿಲ್ಲ. ಜೈನರು ಹೇಳುವ ನಾಲ್ಕು ದಾನಗಳು ಆಹಾರ, ಔಷಧ, ಶಾಸ್ತ್ರ, ಅಭಯ. ಅಭಯ ಎಂದರೆ ನನಗೆ ಹೆದರಿಕೆಯಿಲ್ಲದಿರುವುದು ಎಂದೇ ತಿಳಿದಿದ್ದೆ. ಚಿಕ್ಕಂದಿನ ಹೊಳೆನರಸೀಪುರ ಹಾಗೆ ಕಲಿಸಿತ್ತು. ಕರಡಿ ಕುಣಿಸುವವರು ಬೀದಿಗೆ ಬಂದಾಗ ಅಮ್ಮ ನಾಲ್ಕಾಣೆ ಕೊಟ್ಟು ಅದರ ಕೂದಲು ತಗೊಂಡು ತಾಯತ ಕಟ್ಟಿಸಿದ್ದಳು, ರಾತ್ರಿ ನಾನು ಬೆಚ್ಚಿ ಬೀಳಬಾರದೆಂದು. ಮೂಗಿಗೆ ಹಗ್ಗ ಪೋಣಿಸಿಕೊಂಡು ಹಿಂಗಾಲಲ್ಲಿ ನಿಂತಿದ್ದ ಅದರ ಹೆದರಿಕೆಗೆ ತಾಯತ ಎಲ್ಲಿತ್ತು? ಆದರೆ ಅಭಯ ಎನ್ನುವುದು ದಾನ. ಅಂದಮೇಲೆ ಅದು ಇನ್ನೊಬ್ಬರಿಗೆ ಕೊಡುವಂಥದ್ದು. ನನ್ನಿಂದ ನಿನಗೆ ಭಯವಿಲ್ಲ ಎಂದು ತಿಳಿಸುವುದು. ಭಾವನ ಕೆಮ್ಮು ಅದೇ.

ಮುನಿಗಳಿಗೆ ಈರ್ಯಾಸಮಿತಿ ಎಂಬ ನಿಯಮವಿದೆ. ಹಗಲಲ್ಲೇ, ಜನ ನಡೆದ ದಾರಿಯಲ್ಲೇ, ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯಬೇಕು. ಅದು ಇರುವೆಗಾಗಿ. ಆದರೆ ಗುಡ್ಡದ ಬುಡದವರು ಮಕ್ಕಳಿಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಕತ್ತಲಲ್ಲಿ ಹೋಗಬೇಡ, ಪೊದೆಗೆ ನುಗ್ಗಬೇಡ, ಹೊಸದಾಗಿ ಕೆರೆದ ಹುತ್ತ ಕಂಡರೆ ತಿರುಗಿ ಬಾ. ಎದುರಾದರೆ ಓಡಬೇಡ, ಓಟದಲ್ಲಿ ಅದೇ ಗೆಲ್ಲುತ್ತದೆ. ಮೆಲ್ಲಗೆ ಹಿಂದೆ ಸರಿ. ಕೆಡವಿಯೇ ಬಿಟ್ಟರೆ ಬೋರಲು ಬಿದ್ದು ಕತ್ತಿನ ಹಿಂದೆ ಕೈ ಕಟ್ಟಿಕೋ, ಮುಖ ತೋರಿಸಬೇಡ. ಒಂದೇ ವ್ಯತ್ಯಾಸ. ಗೊಮ್ಮಟನ ಅಭಯ ಅಲುಗಾಡದೆ, ಸದ್ದಿಲ್ಲದೆ ನಿಲ್ಲುವುದು. ಸಂಸಾರಿಯ ಅಭಯಕ್ಕೆ ಸದ್ದು ಬೇಕು.

ಭಾವನ ಜಗಲಿಯಲ್ಲಿ ಕೂತು ಇಷ್ಟನ್ನೂ ಒಂದು ಸಂಜೆ ಹೇಳಿದೆ. ಪಕ್ಕದ ಹೊಲದ ಹಿರಿಯರು ಕೇಳುತ್ತಿದ್ದರು. ಕರಡಿ ಹೊಡೆದು ಅವರ ಎಡಗಣ್ಣು ಹೋಗಿದೆ, ಕೆನ್ನೆ ಎಳೆದು ಹೊಲಿದ ಹಾಗಿದೆ. ಚಹಾವನ್ನು ಬಾಯಿಯ ಬಲಮೂಲೆಯಿಂದ ಕುಡಿಯುತ್ತಾರೆ, ಎಡಗಡೆ ಟವೆಲ್ ಒತ್ತಿಹಿಡಿದು. ಲೋಟ ಕೆಳಗಿಟ್ಟು ಅಂದರು: “ನಾನೂ ಕೆಮ್ಮಿದ್ದೆ ಕಣಪ್ಪ. ಕರಡಿಗೆ ನೀವು ಅಭಯ ಕೊಟ್ರಿ. ನಂಗ್ಯಾರು ಕೊಟ್ರು?”

ಕರಡಿಗೂ ಭಯವಿತ್ತು ಅನ್ನಲು ಬಾಯಿ ಬರಲಿಲ್ಲ. ಹಗಲಲ್ಲೇ ನಡೆ ಎಂದು ಯಾರಿಗೆ ಹೇಳುವುದು? ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದೇ ರಾತ್ರಿ. ಮುನಿಗಳಿಗೆ ತೆಂಗಿನ ಸಸಿಗೆ ನೀರು ಬಿಡುವ ಕೆಲಸವಿರಲಿಲ್ಲ.

ಅಂದು ಕರೆಂಟು ಬಂದದ್ದು ಎರಡು ಗಂಟೆಗೆ. ಭಾವ ಟಾರ್ಚು ಹಿಡಿದು ಎದ್ದರು, ನಾನೂ ಹೊರಟೆ. ಹುಣಸೆಮರದ ತಿರುವಿನಲ್ಲಿ ಅವರು ಕೆಮ್ಮಿದರು. ಆಚೆ ಹೊಲದ ಕತ್ತಲಿಂದ ಇನ್ನೊಂದು ಕೆಮ್ಮು ಕೇಳಿತು. ಹಿರಿಯರೂ ಮೋಟರು ಹಾಕಲು ಬಂದಿದ್ದರು.