ದಣಿದು ಪಡೆಯುವ ಬಿಡುವು

ವಾರವಿಡೀ ದುಡಿದವರಿಗೆ ರಜೆಯ ದಿನ ಏನು ಬೇಕು? ವಿಶ್ರಾಂತಿ ಎಂದು ಎಲ್ಲರೂ ಹೇಳುತ್ತೇವೆ. ವಿಶ್ರಾಂತಿಯೆಂದರೆ ಏನೂ ಮಾಡದಿರುವುದು ಎಂದೂ ಅಷ್ಟೇ ಸುಲಭವಾಗಿ ಒಪ್ಪಿಕೊಂಡಿದ್ದೇವೆ. ಈ ಎರಡನೆಯ ಮಾತು ತಪ್ಪೆಂದು ನಾನು ವಾದಿಸಬಯಸುತ್ತೇನೆ. ನನಗೆ ಸಾಕ್ಷಿಯಾಗಿ ಒದಗುವವರು ಅಮೆರಿಕದ ಸಣ್ಣ ಊರುಗಳ, ಉಪನಗರಗಳ ಗಾರ್ಡನ್ ಟ್ರ್ಯಾಕ್ಟರ್ ಪ್ರಿಯರು. ಶನಿವಾರ ಬೆಳಗಾದರೆ ಅವರು ಗ್ಯಾರೇಜಿನ ಬಾಗಿಲೆತ್ತಿ, ಐವತ್ತು ಅರವತ್ತು ವರ್ಷದ ಹಳೆಯ ಪುಟ್ಟ ಟ್ರ್ಯಾಕ್ಟರಿನ ಮುಂದೆ ಸ್ಪ್ಯಾನರು, ಗ್ರೀಸ್ ಗನ್ನು ಹಿಡಿದು ಕೂರುತ್ತಾರೆ. ಹುಲ್ಲು ಕತ್ತರಿಸುವ ಬ್ಲೇಡಿಗೆ ಸಾಣೆ ಹಿಡಿಯುತ್ತಾರೆ, ಬೇಲಿಯ ಕಂಬಕ್ಕೆ ಗುಂಡಿ ತೋಡುತ್ತಾರೆ, ಮಳೆಗೆ ಕೊರೆದುಹೋದ ದಾರಿಗೆ ಜಲ್ಲಿ ಎಳೆದು ತಂದು ಹಾಕುತ್ತಾರೆ. ಸಂಜೆಗೆ ಮೈಕೈ ನೋವು. ಆದರೂ ಸೋಮವಾರ ಕೆಲಸಕ್ಕೆ ಹೊರಟಾಗ ಅವರ ಮನಸ್ಸು ಹಗುರವಾಗಿರುತ್ತದೆ. ಮೈ ದಣಿದೂ ಮನಸ್ಸು ಹಗುರಾಗುವುದು ಹೇಗೆ?

ಮೊದಲು ಯಂತ್ರದ ವಿಚಾರ. ಬರೀ ಹುಲ್ಲು ಕತ್ತರಿಸಲೆಂದು ಮಾಡಿದ ಲಾನ್ ಟ್ರ್ಯಾಕ್ಟರಿಗಿಂತ ಗಾರ್ಡನ್ ಟ್ರ್ಯಾಕ್ಟರಿನ ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್ ಹೆಚ್ಚು ಗಟ್ಟಿ. ನೇಗಿಲು, ಮಣ್ಣು ಸಡಿಲಿಸುವ ಟಿಲ್ಲರ್, ಹಿಮ ತಳ್ಳುವ ಹಲಗೆ, ಗಾಡಿ, ಇವನ್ನೆಲ್ಲ ಒಂದೇ ಎಂಜಿನ್ನಿಗೆ ಕಟ್ಟಬಹುದು. ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹಿಮ, ಎರಡಕ್ಕೂ ಅದೇ ಸವಾರಿ. ಈ ಯಂತ್ರದ ವಂಶಾವಳಿಯೇ ಮನೆಗೆಲಸದಿಂದ ಶುರುವಾಗುತ್ತದೆ. ವೆಸ್ಟ್ ವರ್ಜೀನಿಯಾದ ಬೆಂಜಮಿನ್ ಗ್ರೇವ್ಲಿ ವೃತ್ತಿಯಿಂದ ಛಾಯಾಗ್ರಾಹಕ. ಕೈಯಲ್ಲಿ ತಳ್ಳುವ ನೇಗಿಲಿಗೆ ಮೋಟಾರು ಕಟ್ಟಿ, 1916ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಪಾಂಡ್ ಕುಟುಂಬ ಆರಂಭಿಸಿದ ಉದ್ಯಮವೇ ವ್ಹೀಲ್ ಹಾರ್ಸ್ ಎಂಬ ಟ್ರ್ಯಾಕ್ಟರ್ ಕಂಪನಿಯಾಯಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ 7 ಅಶ್ವಶಕ್ತಿಯ ಕಬ್ ಕೆಡೆಟ್ ತಂದಿತು. ಅದರ ಗೇರುಗಳು ಫಾರ್ಮಾಲ್ ಕಬ್ ಎಂಬ ನಿಜವಾದ ಹೊಲದ ಟ್ರ್ಯಾಕ್ಟರಿನಿಂದ ಬಂದವು. 1963ರಲ್ಲಿ ಜಾನ್ ಡಿಯರ್ ತನ್ನ 110 ಮಾದರಿಯನ್ನು ಹೊರತಂದಿತು. ಈ ಎರಡರಲ್ಲೂ ಇದ್ದದ್ದು ಕೋಲರ್ ಕಂಪನಿಯ ಬೀಡುಕಬ್ಬಿಣದ ಒಂಟಿ ಸಿಲಿಂಡರ್ ಎಂಜಿನ್. ನಮ್ಮ ಸ್ನಾನಗೃಹಗಳ ನಲ್ಲಿ, ಬೇಸಿನ್‌ಗಳ ಮೇಲೆ ಕಾಣುವ ಹೆಸರೂ ಅದೇ ಕಂಪನಿಯದು. ಆ ಎಂಜಿನ್ನುಗಳಲ್ಲಿ ಎಷ್ಟೋ ಈಗಲೂ ಓಡುತ್ತಿವೆ.

ವಾರಾಂತ್ಯಕ್ಕೂ ಒಂದು ಇತಿಹಾಸವಿದೆ. ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ವಾರಕ್ಕೆ ಐದು ದಿನದ ದುಡಿಮೆಯನ್ನು ತಂದದ್ದು 1926ರಲ್ಲಿ. ಬಿಡುವಿರುವ ಕೆಲಸಗಾರ ಹೆಚ್ಚು ಸರಕು ಕೊಳ್ಳುತ್ತಾನೆ ಎಂಬ ತನ್ನ ಲೆಕ್ಕಾಚಾರವನ್ನು ಆತ ಬಚ್ಚಿಡಲಿಲ್ಲ. 1938ರ ಅಮೆರಿಕದ ಕಾರ್ಮಿಕ ಕಾನೂನಿನ ಫಲವಾಗಿ 1940ರ ಹೊತ್ತಿಗೆ ವಾರಕ್ಕೆ 40 ಗಂಟೆಯ ಮಿತಿ ಬಂತು. ಅದನ್ನು ಮೀರಿ ದುಡಿಸಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕಾಯಿತು. ಕಾರ್ಮಿಕರು ದಶಕಗಳ ಕಾಲ ಹೋರಾಡಿ ಗಳಿಸಿದ ಈ ಎರಡು ದಿನಗಳನ್ನು ಮತ್ತೆ ದುಡಿಮೆಗೇ ಕೊಡುವುದು ಮೇಲ್ನೋಟಕ್ಕೆ ಆ ಹೋರಾಟಕ್ಕೆ ಬಗೆದ ದ್ರೋಹದಂತೆ ಕಾಣುತ್ತದೆ.

ಹಾಗೆ ಕಾಣಲು ಕಾರಣವಾದ, ಬಿಡುವಿನ ಬಗ್ಗೆ ನಮಗಿರುವ ಕಲ್ಪನೆ ಬಹಳ ಹಳೆಯದು. ಬಿಡುವಿಗಾಗಿಯೇ ಮನುಷ್ಯ ದುಡಿಯುತ್ತಾನೆ, ಆ ಬಿಡುವಿನ ಅತ್ಯುತ್ತಮ ಬಳಕೆ ಚಿಂತನೆ ಎಂದು ಅರಿಸ್ಟಾಟಲ್ ಭಾವಿಸಿದ್ದ. ಆದರೆ ಆತನ ನಗರದಲ್ಲಿ ಕೆಲವರಿಗೆ ಬಿಡುವು ಸಿಗಲು ಎಷ್ಟೋ ಜನ ಗುಲಾಮರಾಗಿದ್ದರು. ಮಗ್ಗದ ಲಾಳಿ ತಾನಾಗಿಯೇ ಓಡುವಂತಿದ್ದರೆ ಯಜಮಾನರಿಗೆ ಗುಲಾಮರೇ ಬೇಕಾಗುತ್ತಿರಲಿಲ್ಲ ಎಂದು ಆತನೇ ‘ಪಾಲಿಟಿಕ್ಸ್’ನಲ್ಲಿ ಬರೆದಿದ್ದಾನೆ. ಕೈ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ಎಂಬ ಈ ವಿಂಗಡಣೆಯ ಮೇಲೆಯೇ ನಾವು ವಿಶ್ರಾಂತಿಯ ಅರ್ಥವನ್ನು ಕಟ್ಟಿಕೊಂಡಿದ್ದೇವೆ. ಹಳೆಯ ಟ್ರ್ಯಾಕ್ಟರಿನ ಮುಂದೆ ಕೂತವರಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ.

ಅಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಳಿಗಾಲ ಕಳೆದು ಹೊರತೆಗೆದ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ಪೆಟ್ರೋಲ್, ಕಿಡಿ, ಕಂಪ್ರೆಷನ್, ಈ ಮೂರರಲ್ಲಿ ಒಂದು ತಪ್ಪಿದೆ. ಪ್ಲಗ್ ಬಿಚ್ಚಿ ನೋಡಿದರೆ ಒಣಗಿದೆ. ಅಂದರೆ ಪೆಟ್ರೋಲ್ ಸಿಲಿಂಡರಿಗೆ ತಲುಪುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ಜೆಟ್ಟನ್ನು ಕಟ್ಟಿರಬಹುದು. ಪ್ಲಗ್ ಒದ್ದೆಯಾಗಿದ್ದು ಕಿಡಿ ಇಲ್ಲವೆಂದರೆ ಪಾಯಿಂಟ್ ಸುಟ್ಟಿರಬಹುದು, ಇಲ್ಲವೇ ಕಂಡೆನ್ಸರ್ ಹೋಗಿರಬಹುದು. ಕೋಲರ್ ಎಂಜಿನ್ನಿನ ಪಾಯಿಂಟ್ ಪೂರ್ತಿ ತೆರೆದಾಗ ಇರಬೇಕಾದ ಸಂದು ಸುಮಾರು ಅರ್ಧ ಮಿಲಿಮೀಟರ್. ಮೈಸೂರಿನ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕುಗಳನ್ನು ಇವತ್ತಿಗೂ ಓಡಿಸುವ ನಮ್ಮವರಿಗೆ ಪಾಯಿಂಟ್ ಉಜ್ಜಿ ಸಂದು ಹೊಂದಿಸುವ ಈ ಕೆಲಸ ಚೆನ್ನಾಗಿ ಗೊತ್ತು. ಇಲ್ಲಿ ಪ್ರತಿ ಹೆಜ್ಜೆಯೂ ಒಂದು ಊಹೆ, ಆ ಊಹೆಗೆ ಒಂದು ಪರೀಕ್ಷೆ, ಪರೀಕ್ಷೆಯಿಂದ ಒಂದು ತೀರ್ಮಾನ. ಯಂತ್ರ ಯಾರ ಮುಖವನ್ನೂ ನೋಡದು. ತೀರ್ಮಾನ ಸರಿಯಿದ್ದರೆ ಎಂಜಿನ್ ಗುಡುಗುತ್ತದೆ, ತಪ್ಪಿದ್ದರೆ ಸುಮ್ಮನಿರುತ್ತದೆ.

ಇದೇ ಮನುಷ್ಯನ ವಾರದ ಐದು ದಿನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಕಚೇರಿ, ಗೋದಾಮು, ಕಾರ್ಖಾನೆಗಳಲ್ಲಿ ಏನು ಮಾಡಬೇಕೆಂಬುದನ್ನು ಇನ್ನೊಬ್ಬರು ಗೊತ್ತುಮಾಡಿರುತ್ತಾರೆ. ಮಾಡಿದ ಕೆಲಸ ಎಲ್ಲಿಗೆ ಹೋಯಿತು, ಯಾರಿಗೆ ಉಪಯೋಗಕ್ಕೆ ಬಂತು ಎಂಬುದು ಮಾಡಿದವರಿಗೆ ಕಾಣುವುದಿಲ್ಲ. ಯಾವಾಗ ನಿಲ್ಲಿಸಬೇಕೆಂಬುದೂ ಅವರ ಕೈಯಲ್ಲಿಲ್ಲ. ಅಲ್ಲಿ ಮನುಷ್ಯನನ್ನು ಬಳಲಿಸುವುದು ಸ್ನಾಯುಗಳ ದಣಿವಿಗಿಂತ ಹೆಚ್ಚಾಗಿ ತನ್ನ ವಿವೇಚನೆಗೆ ಕೆಲಸವಿಲ್ಲವೆಂಬ ಭಾವ. ಹಾಗಾಗಿ ವಿಶ್ರಾಂತಿಯನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ: ಹೇಗೆ ಮಾಡಬೇಕೆಂಬ ತೀರ್ಮಾನ ಮಾಡುವವರದೇ ಆಗಿದ್ದು, ಮಾಡಿದ್ದರ ಫಲ ಅವರ ಕಣ್ಣಿಗೆ ಬಿದ್ದು, ಸಾಕೆನಿಸಿದಾಗ ನಿಲ್ಲಿಸುವ ಹಕ್ಕು ಅವರಿಗಿರುವ ಸ್ಥಿತಿಯೇ ವಿಶ್ರಾಂತಿ. ಈ ಮೂರೂ ಇದ್ದಲ್ಲಿ ಬೆವರು ಸುರಿದರೂ ಮನಸ್ಸು ಚೇತರಿಸಿಕೊಳ್ಳುತ್ತದೆ. ಇವಿಲ್ಲದಿದ್ದರೆ ದಿನವಿಡೀ ಸೋಫಾದ ಮೇಲೆ ಬಿದ್ದುಕೊಂಡರೂ ಬಳಲಿಕೆ ಹೋಗುವುದಿಲ್ಲ.

ಇಲ್ಲಿ ಚಿಂತಕಿ ಹನ್ನಾ ಆರೆಂಟ್ ಅಡ್ಡ ಬರುತ್ತಾರೆ. 1958ರ ‘ದಿ ಹ್ಯೂಮನ್ ಕಂಡಿಷನ್’ ಕೃತಿಯಲ್ಲಿ ಅವರು ಮನುಷ್ಯನ ದುಡಿಮೆಯನ್ನು ಬಿಡಿಸಿ ನೋಡಿದರು. ಅನ್ನ ಬೇಯಿಸುವುದು, ಗುಡಿಸುವುದು ಜೀವ ಉಳಿಸುವ ದುಡಿಮೆ. ಅದು ಏನನ್ನೂ ಉಳಿಸಿ ಹೋಗುವುದಿಲ್ಲ, ನಾಳೆ ಮತ್ತೆ ಮಾಡಬೇಕು. ಮೇಜನ್ನೋ ಮನೆಯನ್ನೋ ಕಟ್ಟುವುದು ಬೇರೆ ಬಗೆಯದು. ಅದು ಲೋಕಕ್ಕೆ ಬಾಳುವ ವಸ್ತುವೊಂದನ್ನು ಸೇರಿಸುತ್ತದೆ. ಇರುವ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವ ಕೆಲಸವನ್ನು ಆರೆಂಟ್ ಮೊದಲ ಗುಂಪಿಗೇ, ಮುಗಿಯದ ಬೇಸರದ ದುಡಿಮೆಗೇ ಸೇರಿಸಿದರು. ಇದನ್ನು ನಾನು ಒಪ್ಪಲಾರೆ. ಹುಲ್ಲು ವಾರದೊಳಗೆ ಮತ್ತೆ ಬೆಳೆಯುತ್ತದೆ, ನಿಜ. ಆದರೆ 1961ರ ಯಂತ್ರವೊಂದು ಇಂದಿಗೂ ಬದುಕಿದೆಯೆಂದರೆ ಅದನ್ನು ಒಂದು ಸಲ ತಯಾರಿಸಿದವರಷ್ಟೇ ಅದಕ್ಕೆ ಕಾರಣರಲ್ಲ. ಆಮೇಲೆ ಪ್ರತಿ ವರ್ಷ ಎಣ್ಣೆ ಬದಲಿಸಿದವರು, ಸವೆದ ಬುಷ್ ತೆಗೆದು ಹೊಸದು ಹಾಕಿದವರು, ತುಕ್ಕು ಉಜ್ಜಿ ಬಣ್ಣ ಬಳಿದವರು ಅದನ್ನು ಮತ್ತೆ ಮತ್ತೆ ಲೋಕದಲ್ಲಿ ಉಳಿಸಿದ್ದಾರೆ. ದುರಸ್ತಿಗೆ ತಯಾರಿಕೆಯಷ್ಟೇ ವಿವೇಚನೆ ಬೇಕು. ಒಂದು ರೀತಿಯಲ್ಲಿ ಹೆಚ್ಚೇ ಬೇಕು: ತಯಾರಿಸುವವರ ಮುಂದೆ ನಕ್ಷೆ ಇರುತ್ತದೆ, ರಿಪೇರಿ ಮಾಡುವವರು ಸವಕಲನ್ನು ಓದಿ ಅರ್ಥಮಾಡಿಕೊಳ್ಳಬೇಕು.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು: ಈ ಕೆಲಸವೇ ಒಂದು ಹೇರಿಕೆಯಲ್ಲವೇ? 1947ರಿಂದ ನ್ಯೂಯಾರ್ಕ್ ಬಳಿ ಎದ್ದ ಲೆವಿಟೌನ್ ಬಡಾವಣೆಯಲ್ಲಿ ಹುಲ್ಲು ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಅದನ್ನು ಕತ್ತರಿಸಬೇಕೆಂಬ ಷರತ್ತೇ ಇತ್ತು. ಅಮೆರಿಕದ ಹುಲ್ಲುಹಾಸು 2005ರ ಒಂದು ಅಧ್ಯಯನದ ಅಂದಾಜಿನಂತೆ ಸುಮಾರು 1,60,000 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣದ ಆರರಲ್ಲಿ ಸುಮಾರು ಐದು ಪಾಲು. ಅದಕ್ಕೆ ಸುರಿಯುವ ನೀರು, ಗೊಬ್ಬರ, ಅದರ ಮೇಲೆ ಓಡುವ ಸಣ್ಣ ಎಂಜಿನ್ನುಗಳ ಹೊಗೆ ನಿಜವಾದ ಹಾನಿಗಳು. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, 2024ರ ಮಾದರಿಯಿಂದ ಇಂಥ ಹೊಸ ಎಂಜಿನ್ನುಗಳು ಹೊಗೆ ಬಿಡಕೂಡದೆಂದು ನಿಯಮ ತಂದದ್ದು ಸರಿಯಾಗಿಯೇ ಇದೆ. ಅಕ್ಕಪಕ್ಕದವರ ಕಣ್ಣಿಗೆ ಹೆದರಿ ಹುಲ್ಲು ಕತ್ತರಿಸುವವರ ಶನಿವಾರ ನಾನು ಹೇಳಿದ ಅರ್ಥದಲ್ಲಿ ವಿಶ್ರಾಂತಿಯಲ್ಲ. ಅಲ್ಲಿ ನಿಲ್ಲಿಸುವ ಹಕ್ಕು ಇಲ್ಲ. ಅದೇ ಜಾಗದಲ್ಲಿ ಟಿಲ್ಲರ್ ಹೂಡಿ ಟೊಮೆಟೊ, ಬೀನ್ಸ್ ಬೆಳೆದವರದು ವಿಶ್ರಾಂತಿ. ಹೀಗಾಗಿ ಈ ಆಕ್ಷೇಪ ನನ್ನ ಅಳತೆಗೋಲನ್ನು ಮುರಿಯುವುದಿಲ್ಲ, ಅದನ್ನು ಎಲ್ಲಿ ಬಳಸಬೇಕೆಂದು ತೋರಿಸುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಒಬ್ಬರು ಹವ್ಯಾಸಕ್ಕಾಗಿ ಮಾಡುವ ಇದೇ ಕೆಲಸವನ್ನು ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಕೂಲಿಗೆ ಮಾಡುತ್ತಾರೆ. ಅಮೆರಿಕದಲ್ಲಿ ಅವರಲ್ಲಿ ಬಹಳ ಮಂದಿ ಮೆಕ್ಸಿಕೊ, ಮಧ್ಯ ಅಮೆರಿಕಗಳಿಂದ ಬಂದ ವಲಸಿಗರು. ಬಿಸಿಲಿನಲ್ಲಿ ದಿನಕ್ಕೆ ಹಲವು ಮನೆಗಳ ಅಂಗಳ ಮುಗಿಸಬೇಕು. ಹುಲ್ಲು ಅದೇ, ಬ್ಲೇಡು ಅದೇ, ಅನುಭವ ಬೇರೆ. ಯಂತ್ರವೇ ಮನುಷ್ಯನಿಗೆ ನೆಮ್ಮದಿ ಕೊಡುತ್ತದೆಂದು ನಾನು ಹೇಳಿದ್ದರೆ ಈ ಒಂದು ದೃಶ್ಯ ಸಾಕು, ವಾದ ಬಿದ್ದುಹೋಗಲು. ನಾನು ಹೇಳುತ್ತಿರುವುದು ಕೆಲಸದ ಸ್ಥಿತಿಯ ಬಗ್ಗೆ. ಈ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ನಮ್ಮ ನಾಡಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರು ತಮ್ಮ ಅಂಗಳದ ಹುಲ್ಲನ್ನು ತಾವೇ ಕತ್ತರಿಸುವುದನ್ನು ಕಲಿತದ್ದು ಅಲ್ಲಿಯೇ. ಊರಿನಲ್ಲಿದ್ದಾಗ ಕೈಗೆ ಮಣ್ಣಾಗುವ ಕೆಲಸವನ್ನು ಮಾಡಲು ಬೇರೆಯವರಿದ್ದರು, ಆ ಬೇರೆಯವರು ಯಾರೆಂಬುದನ್ನು ಜಾತಿ ತೀರ್ಮಾನಿಸಿತ್ತು. 12ನೆಯ ಶತಮಾನದಲ್ಲಿ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ನೆಲ ನಮ್ಮದು; ಆದರೂ ಮನೆಯ ಚರಂಡಿ ಕಟ್ಟಿಕೊಂಡರೆ ನಾವು ಮೊದಲು ಹುಡುಕುವುದು ಫೋನ್ ನಂಬರನ್ನು. ರಜೆಯ ದಿನ ತಮ್ಮ ಮನೆಯ ಕೊಳೆಯನ್ನು ತಾವೇ ತೊಳೆಯುವವರು, ಆ ಕೆಲಸವನ್ನು ಕೂಲಿಗೆ ಮಾಡುವವರ ಕಷ್ಟವೂ ಜಾಣ್ಮೆಯೂ ಎಷ್ಟೆಂಬುದನ್ನು ಮೈಯಿಂದ ಅರಿಯುತ್ತಾರೆ. ಆ ಅರಿವು ಕೂಲಿಯ ದರದಲ್ಲಿ, ಮಾತಾಡಿಸುವ ರೀತಿಯಲ್ಲಿ ಕಾಣದಿದ್ದರೆ ಅದು ಅರಿವೇ ಅಲ್ಲ.

ಮೂರನೆಯ ಆಕ್ಷೇಪ ಮನೆಯೊಳಗಿನದು. ಗ್ಯಾರೇಜಿನ ಕೆಲಸ ಪ್ರೀತಿಯ ಹವ್ಯಾಸವಾಯಿತು, ಅಡುಗೆಮನೆಯ ಕೆಲಸ ಯಾಕೆ ಆಗಲಿಲ್ಲ? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2003ರಿಂದ ನಡೆಸುತ್ತಿರುವ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಅಡುಗೆ, ಶುಚಿತ್ವದಂಥ ಒಳಗಿನ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೂ, ಅಂಗಳ ಮತ್ತು ದುರಸ್ತಿಯ ಕೆಲಸ ಗಂಡಸರ ಪಾಲಿಗೂ ಬೀಳುತ್ತದೆ. ಕಾರ್ಬುರೇಟರ್ ಮುಂದಿನ ಶನಿವಾರಕ್ಕೆ ಕಾಯಬಲ್ಲದು; ಮಗುವಿನ ಹಸಿವು ಕಾಯದು. ಅಡುಗೆಯಲ್ಲಿ ಜಾಣ್ಮೆಗೆ ಕೊರತೆಯಿಲ್ಲ, ಫಲವೂ ಕಣ್ಣೆದುರಿಗೇ ಇದೆ. ಇಲ್ಲದಿರುವುದು ನಿಲ್ಲಿಸುವ ಹಕ್ಕು. ಇಡೀ ವಾರ ಒಲೆಯ ಮುಂದೆ ನಿಂತವರಿಗೆ ಗ್ಯಾರೇಜಿನ ಬಾಗಿಲು ತೆರೆದಿರಬೇಕು, ಗ್ಯಾರೇಜಿನಲ್ಲಿ ಕೂತವರು ಒಲೆಯ ಮುಂದೆ ನಿಲ್ಲಬೇಕು. ಹಾಗೆ ಹಂಚಿಕೊಳ್ಳದ ಮನೆಯಲ್ಲಿ ಒಬ್ಬರ ವಾರಾಂತ್ಯದ ವೆಚ್ಚವನ್ನು ಇನ್ನೊಬ್ಬರು ತೆರುತ್ತಿರುತ್ತಾರೆ.

ವಿಶ್ರಾಂತಿಯ ಮೂರು ಷರತ್ತುಗಳಲ್ಲಿ ಮೊದಲನೆಯದಕ್ಕೆ ಇನ್ನೊಂದು ಕಡೆಯಿಂದಲೂ ಕುತ್ತು ಬಂದಿದೆ: ಈಗ ತಯಾರಾಗುವ ಎಷ್ಟೋ ಯಂತ್ರಗಳಲ್ಲಿ ತೀರ್ಮಾನದ ಹಕ್ಕೇ ಮಾಲೀಕರ ಕೈಬಿಟ್ಟಿದೆ. ದೊಡ್ಡ ಕೃಷಿ ಯಂತ್ರಗಳ ದೋಷ ಪತ್ತೆಗೆ ಕಂಪನಿಯ ಸಾಫ್ಟ್‌ವೇರ್ ಬೇಕು, ಅದು ಡೀಲರರ ಬಳಿ ಮಾತ್ರ ಪೂರ್ತಿಯಾಗಿ ಇರುತ್ತದೆ. ರೈತರು ಇದನ್ನು ಪ್ರತಿಭಟಿಸಿದರು. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ದುರಸ್ತಿಯ ಹಕ್ಕನ್ನು ಕಾನೂನು ಮಾಡಿತು; ಅದು 2024ರಿಂದ ಜಾರಿಯಲ್ಲಿದೆ. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಚಾರಕ್ಕೆ ಜಾನ್ ಡಿಯರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಇದನ್ನು ಬಿಡಿಭಾಗದ ಬೆಲೆಯ ಜಗಳವೆಂದು ನೋಡುವವರಿದ್ದಾರೆ. ನಾನು ಅದನ್ನು ಸ್ವಾತಂತ್ರ್ಯದ ಪ್ರಶ್ನೆಯೆಂದೇ ನೋಡುತ್ತೇನೆ. ಕೊಂಡ ವಸ್ತುವನ್ನು ಬಿಚ್ಚಿ, ಅರಿತು, ಸರಿಪಡಿಸಲು ಬಿಡದಿದ್ದರೆ ಮಾಲೀಕರಿಗೆ ಉಳಿಯುವುದು ದುಡ್ಡು ಕೊಡುವ ಕೆಲಸವೊಂದೇ.

ಗಾರ್ಡನ್ ಟ್ರ್ಯಾಕ್ಟರ್ ಪ್ರಿಯರನ್ನು ಹಳೆಯ ಕಾಲಕ್ಕೆ ಅಂಟಿಕೊಂಡವರೆಂದು ಬದಿಗೆ ಸರಿಸುವುದು ಸುಲಭ. ನನಗೆ ಅವರು ಮುಖ್ಯರಾಗುವುದು, ದುಡಿಮೆ ಹೇಗಿರಬಹುದೆಂಬುದನ್ನು ವಾರಕ್ಕೆರಡು ದಿನ ಬದುಕಿ ತೋರಿಸುತ್ತಾರೆಂಬ ಕಾರಣಕ್ಕೆ. ತೀರ್ಮಾನ, ಕಾಣುವ ಫಲ, ನಿಲ್ಲಿಸುವ ಹಕ್ಕು, ಈ ಮೂರು ವಾರಾಂತ್ಯದಲ್ಲಿ ಮನುಷ್ಯನಿಗೆ ಒಳ್ಳೆಯದಾದರೆ ಸೋಮವಾರ ಅವು ಕೆಟ್ಟದ್ದಾಗುವುದಿಲ್ಲ. ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಕೂಲಿಯ ಅಂಗಳದಲ್ಲಿ, ಅಡುಗೆಮನೆಯಲ್ಲಿ ಇವುಗಳಲ್ಲಿ ಯಾವುದು ಇಲ್ಲವೆಂದು ಕೇಳುವುದು, ಇಲ್ಲದ್ದನ್ನು ಕೊಡಿಸಲು ಹೋರಾಡುವುದು ನಮ್ಮ ಮುಂದಿರುವ ಕೆಲಸ. ವಾರಾಂತ್ಯವನ್ನು ಗೆದ್ದುಕೊಟ್ಟ ಕಾರ್ಮಿಕರು ದುಡಿಮೆಯ ಗಂಟೆಗಳನ್ನು ಕಡಿಮೆ ಮಾಡಿದರು. ಉಳಿದ ಗಂಟೆಗಳನ್ನು ಮನುಷ್ಯರು ದುಡಿಯಲು ಯೋಗ್ಯವಾಗಿಸುವುದು ಇನ್ನೂ ಬಾಕಿಯಿದೆ.