ಬೀಗದ ನ್ಯಾಯವೂ ರಿಪೇರಿಗಾರನ ಧರ್ಮವೂ

ಬೀಗವು ಕೀಲಿಕೈಯನ್ನು ಬಲ್ಲುದೇ ಹೊರತು ಒಡೆಯನನ್ನು ಅರಿಯದು. ಈ ಸಾಮಾನ್ಯ ಸಂಗತಿಯೇ ಈಚೆಗೆ ಮೊಬೈಲ್ ಫೋನು ರಿಪೇರಿ ಮಾಡುವವರಿಗೆ ಒಂದು ಧರ್ಮಸಂಕಟವಾಗಿ ಪರಿಣಮಿಸಿದೆ.

ಕದ್ದ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಮಾರುವವರನ್ನು ತಡೆಯುವುದಕ್ಕಾಗಿ ಆಪಲ್ ಸಂಸ್ಥೆಯು 2013ರಲ್ಲಿಯೂ, ಗೂಗಲ್ ಸಂಸ್ಥೆಯು 2015ರಲ್ಲಿ ಆಂಡ್ರಾಯ್ಡ್ 5.1ರೊಡನೆಯೂ ಒಂದೊಂದು ರಕ್ಷೆಯನ್ನು ಕಲ್ಪಿಸಿದುವು. ಗೂಗಲಿನದಕ್ಕೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎಂದು ಹೆಸರು. ಒಡೆಯನು ತಾನೇ ಫೋನನ್ನು ತೆರೆದು ಸೆಟ್ಟಿಂಗ್ಸ್ ಮೂಲಕ ಎಲ್ಲವನ್ನೂ ಅಳಿಸಿದರೆ ಸಾಮಾನ್ಯವಾಗಿ ಈ ಬೀಗವೂ ಹೋಗುವುದು. ಹಾಗಲ್ಲದೆ ಹೊರಗಿನ ಗುಂಡಿಗಳನ್ನೊತ್ತಿ ಅಳಿಸಿದಲ್ಲಿ, ಹಿಂದಿನ ಗೂಗಲ್ ಖಾತೆಯನ್ನೋ ಹಿಂದಿನ ಪರದೆಯ ಬೀಗದ ಗುಟ್ಟನ್ನೋ ಒಪ್ಪಿಸುವವರೆಗೆ ಫೋನು ಬಳಕೆಗೆ ಬಾರದು.

ಉದ್ದೇಶವು ಶ್ಲಾಘ್ಯವೇ ಸರಿ. ಆದರೆ ಅಂಗಡಿಗೆ ಬರುವವರೆಲ್ಲರೂ ಕಳ್ಳರೆ? ಪಾಸ್‌ವರ್ಡನ್ನು ಮರೆತ ವೃದ್ಧರು, ಗತಿಸಿದ ಪತಿಯ ಫೋನನ್ನು ತಂದ ಗೃಹಿಣಿ, ಹಳೆಯ ಫೋನನ್ನು ಹಣ ಕೊಟ್ಟು ಕೊಂಡ ಕೂಲಿಯವನು, ಇವರೂ ಬರುವರು. ಬೀಗದ ಕಣ್ಣಿಗೆ ಇವರೂ ಕಳ್ಳನೂ ಸಮಾನರು. ಅದು ಮಾಡಲಾರದ ವಿವೇಚನೆಯು ರಿಪೇರಿಗಾರನ ಪಾಲಿಗೆ ಬೀಳುತ್ತದೆ. ಬೀಗವನ್ನು ತಪ್ಪಿಸುವ ಉಪಾಯಗಳನ್ನು ಅವರಲ್ಲಿ ಕೆಲವರು ಬಲ್ಲರಷ್ಟೆ.

ಕೇಳಿದವರಿಗೆಲ್ಲ ತೆರೆದುಕೊಡುವವನು ಕಳ್ಳನಿಗೆ ನೆರವಾಗುವನು. ಯಾರಿಗೂ ತೆರೆಯೆನೆನ್ನುವವನು ತಾನು ನಿರ್ದೋಷಿಯಾಗಿ ಉಳಿದರೂ ಬಡವನ ಹಣವನ್ನು ಮಣ್ಣುಪಾಲು ಮಾಡುವನು. ಎರಡೂ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿಗಳೇ. ಮನುಸ್ಮೃತಿಯು ಎಣಿಸಿರುವ 18 ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ನಂಬಿ ಒಪ್ಪಿಸಿದ ವಸ್ತುವು ಒಪ್ಪಿಸಿದವನಿಗೆ ಸಲ್ಲಬೇಕೆಂಬುದು ಅದರ ತಿರುಳು. ಕದ್ದ ಫೋನಿನಲ್ಲಾದರೋ ನಿಜವಾದ ಒಡೆಯನು ಎದುರಿಗಿರುವುದಿಲ್ಲ. ಆ ಕಾಣದ ಒಡೆಯನಿಗೂ ರಿಪೇರಿಗಾರನು ಹೊಣೆಗಾರನೆಂದೇ ನನ್ನ ಮತ.

ಆದುದರಿಂದ ಅವನು ರಸೀದಿಯನ್ನು ಕೇಳಲಿ. ಖಾತೆಯನ್ನು ಮರಳಿ ಪಡೆಯುವ ಕ್ರಮವನ್ನು ಮೊದಲು ತೋರಿಸಲಿ. ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಭಾರತ ಸರಕಾರವು 2023ರಲ್ಲಿ ತೆರೆದ ಸಂಚಾರ ಸಾಥಿಯಲ್ಲಿ ಪರೀಕ್ಷಿಸಲಿ. ಸಂದೇಹವುಳಿದರೆ ಆ ದಿನದ ಸಂಪಾದನೆಯನ್ನು ಬಿಡಲಿ.

ಆದರೆ ಈ ಭಾರವನ್ನೆಲ್ಲ ದಿನದ ಗಳಿಕೆಯನ್ನು ನಂಬಿದವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕ್ರಯದ ದಾಖಲೆಯನ್ನು ತೋರಿಸಿ ಬೀಗ ತೆಗೆಸಿಕೊಳ್ಳುವ ಮನವಿಗೆ ಆಪಲ್ ಸಂಸ್ಥೆಯು ಎಡೆಗೊಟ್ಟಿದೆ. ಕೈಯಿಂದ ಕೈಗೆ ಕೊಂಡವನ ಬಳಿ ಅಂತಹ ದಾಖಲೆಯೆಲ್ಲಿ? ಮಾರುವವನು ತನ್ನ ಖಾತೆಯನ್ನು ತೆಗೆದು, ಒಂದು ಚೀಟಿಯನ್ನು ಬರೆದುಕೊಟ್ಟು ಮಾರಲಿ. ಬೀಗವನ್ನು ಮಾಡಿದವರು, ನಿಜವಾದ ಒಡೆಯನು ಮನುಷ್ಯರೆದುರು ನಿಂತು ತನ್ನ ಹಕ್ಕನ್ನು ಹೇಳಿಕೊಳ್ಳುವ ಒಂದು ಬಾಗಿಲನ್ನೂ ಊರೂರಿನಲ್ಲಿ ತೆರೆಯಲಿ.