ಹಿತ್ತಲ ಹುಣಿಸೆಮರ ಮತ್ತು ನಮ್ಮ ಪ್ರೀತಿ



ಪ್ರೀತಿಯೊಂದಿದ್ದರೆ ಸಾಕು, ಆರೈಕೆ ತಾನಾಗಿಯೇ ಬರುತ್ತದೆ ಎಂದು ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಮ್ಮ ಮನೆಯ ಹಿತ್ತಲಲ್ಲಿರುವ ಒಂದು ಹುಣಿಸೆಮರ ನಮಗೆ ಕಲಿಸಿತು.

ಹೊಸೂರು, ಕೃಷ್ಣಗಿರಿ ಸೀಮೆಯವರಾದ ನಮಗೆ ಹುಣಿಸೆ ಹೊಸದಲ್ಲ. ಬೇಸಿಗೆ ಬಂತೆಂದರೆ ಹಣ್ಣು ಬಡಿಯುವುದು, ಸಿಪ್ಪೆ ಸುಲಿಯುವುದು, ಬೀಜ ತೆಗೆಯುವುದು, ಮಂಡಿಗೆ ಸಾಗಿಸುವುದು, ಇದರಲ್ಲೇ ಎಷ್ಟೋ ಮನೆಗಳ ದಿನ ಕಳೆಯುತ್ತದೆ. ನಮ್ಮ ಹಿತ್ತಲ ಮರವನ್ನು ನೆಟ್ಟವರು ತಾತನವರು. ತೀರ್ಥರೂಪರು ಲಿಂಗೈಕ್ಯರಾದ ಮೇಲೆ, ಅವರು ಕೂರುತ್ತಿದ್ದ ಜಾಗ ಚೆನ್ನಾಗಿರಲೆಂದು ಮರದ ಬುಡಕ್ಕೆ ಮಣ್ಣು ತುಂಬಿಸಿ ಎತ್ತರದ ಕಟ್ಟೆ ಕಟ್ಟಿಸಿದೆವು. ಹಣ್ಣು ಒಣಗಿಸಲು ಅನುಕೂಲವಾಗಲೆಂದು ಉಳಿದ ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದೆವು. ನೋಡಿದವರೆಲ್ಲ ಹೊಗಳಿದರು. ಮೂರನೆಯ ವರ್ಷ ತುದಿಯ ಕೊಂಬೆಗಳು ಒಣಗತೊಡಗಿದವು. ಗೊಬ್ಬರ ಹಾಕಿದೆವು, ಕಟ್ಟೆಯ ಮೇಲೆ ಕೊಡಗಟ್ಟಲೆ ನೀರು ಸುರಿದೆವು. ಆಗ ನಮ್ಮ ತಾಯಿಯವರು, "ಬಾಯಿ ಮುಚ್ಚಿ ಊಟ ಬಡಿಸಿದರೆ ಅದು ಹೇಗಪ್ಪಾ ಉಣ್ಣುತ್ತದೆ?" ಎಂದರು.

ಅವರ ಮಾತು ಸರಿಯಾಗಿತ್ತು. ಮರಕ್ಕೆ ಉಣಿಸುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ; ಕೊಂಬೆಗಳು ಚಾಚಿದ ಎಲ್ಲೆಯನ್ನೂ ದಾಟಿ ಹರಡಿರುತ್ತವೆ. ಅವಕ್ಕೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಸಿಮೆಂಟು ಎರಡನ್ನೂ ತಡೆಯುತ್ತದೆ. ಬುಡಕ್ಕೆ ಏರಿಸಿದ ಮಣ್ಣಿನ ತೇವದಿಂದ ತೊಗಟೆ ಕೊಳೆಯುತ್ತದೆ. ಬಟ್ಟೆ ಒಣಹಾಕಲು ಸುತ್ತಿ ಬಿಗಿದ ತಂತಿ, ತೊಗಟೆಯೊಳಗೆ ಆಹಾರ ಹರಿಯುವ ದಾರಿಯನ್ನು ಕತ್ತರಿಸುತ್ತದೆ. ಹಾಗೆಂದು ಪೊಟರೆ ಬಿದ್ದ ಮರವೆಲ್ಲ ಸತ್ತಂತೆ ಅಲ್ಲ. ಕಾಂಡದ ಜೀವ ಇರುವುದು ಹೊರಸುತ್ತಿನಲ್ಲಿ. ಹುಣಿಸೆಯಂತೂ ದೀರ್ಘಾಯುಷಿ. ದೇವನಹಳ್ಳಿ ಬಳಿಯ ನಲ್ಲೂರಿನ ತೋಪಿನಲ್ಲಿ ಶತಮಾನಗಳನ್ನು ಕಂಡ ಹುಣಿಸೆಮರಗಳಿವೆ. 2007ರಲ್ಲಿ ಅದು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು.

ಹಾಗಾದರೆ ನಮ್ಮ ತಪ್ಪು ಏನು? ಕಟ್ಟೆ ನಾವು ಕೂರುವುದಕ್ಕೆ, ಸಿಮೆಂಟು ನಮ್ಮ ಹಣ್ಣಿಗೆ, ಹೊಗಳಿಕೆ ನಮ್ಮ ಕಿವಿಗೆ. ಮರಕ್ಕೆ ಏನು ಬೇಕೆಂದು ನಾವು ವಿಚಾರಿಸಿಯೇ ಇರಲಿಲ್ಲ. ಲೆಕ್ಕಪತ್ರ ಓದಿದ ನಾವು ಆ ಖರ್ಚನ್ನು ಮರದ ಹೆಸರಿನಲ್ಲಿ ಬರೆದಿದ್ದೆವು. ಅದು ನಮ್ಮ ಹೆಸರಿಗೇ ಸೇರಬೇಕಾದ ಖರ್ಚು.

ಸಾಲುಮರದ ತಿಮ್ಮಕ್ಕನವರನ್ನು ನೆನೆಯೋಣ. 2025ರ ನವೆಂಬರಿನಲ್ಲಿ ನಮ್ಮನ್ನಗಲಿದ ಆ ತಾಯಿ, ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯಲ್ಲಿ ಪತಿಯೊಡನೆ ನೂರಾರು ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನಕರು ಬಾಯಿಹಾಕದಂತೆ ಮುಳ್ಳು ಕಟ್ಟಿ ಸಾಕಿದರು. ಸಸಿಗೆ ಬೇಕಾದದ್ದು ನೀರು ಮತ್ತು ಕಾವಲು, ಅದನ್ನೇ ಕೊಟ್ಟರು. ಸ್ವಂತದ್ದಲ್ಲದ ಮರಕ್ಕೆ ಅವರು ಮಾಡಿದ್ದನ್ನು ನಮ್ಮದೆಂದು ಹೇಳಿಕೊಳ್ಳುವ ಮರಕ್ಕೆ ನಾವು ಮಾಡಲಿಲ್ಲ.

ಮರದ ಮೇಲಿನ ಪ್ರೀತಿ ಕುರುಡಾಗಿಯೂ ಇರಬಾರದು. ಒಣಕೊಂಬೆ ನೆರೆಯವರ ಸೂರಿನ ಮೇಲೆ ಬಾಗಿದ್ದರೆ, ತಾತ ನೆಟ್ಟದ್ದೆಂದು ಅದನ್ನು ಬಿಡುವುದು ಧರ್ಮವಲ್ಲ. ತಿಳಿದವರಿಂದ ಅದನ್ನು ಸಕಾಲಕ್ಕೆ ತೆಗೆಸಬೇಕು. ಒಂದು ಕೊಂಬೆಗಾಗಿ ಇಡೀ ಮರವನ್ನು ಉರುಳಿಸುವುದೂ ಸಲ್ಲದು.

ಈ ಮಾತು ಮರಕ್ಕಷ್ಟೇ ನಿಲ್ಲುವುದಿಲ್ಲ. ವೃದ್ಧ ತಂದೆತಾಯಿಗಳಿಗೆ ಹೊಸ ಕೋಣೆ, ಹೊಸ ಮಂಚ ಮಾಡಿಸಿ, ಪಕ್ಕದಲ್ಲಿ ಹತ್ತು ನಿಮಿಷ ಕೂರದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಕೊಡುವ ಮುನ್ನ ಕೇಳಿ ತಿಳಿಯುವುದೇ ಆರೈಕೆಯ ಮೊದಲ ಮೆಟ್ಟಿಲು.

ಕಟ್ಟೆ ಒಡೆಸಿದೆವು, ಸಿಮೆಂಟು ತೆಗೆಸಿ ತರಗೆಲೆ ಹರಡಿದೆವು. ಎರಡು ಮಳೆಗಾಲ ಕಳೆದ ಮೇಲೆ ಒಂದು ಪಕ್ಕ ಚಿಗುರಿತು. ಇನ್ನೊಂದು ಪಕ್ಕ ಚಿಗುರಲೇ ಇಲ್ಲ. ಅಷ್ಟು ಚಂದದ ಕಟ್ಟೆಯನ್ನು ಏಕೆ ಒಡೆಸಿದಿರೆಂದು ಬಂದವರು ಈಗಲೂ ಕೇಳುತ್ತಾರೆ. ನಾವು ಆ ಒಣಗಿದ ಪಕ್ಕವನ್ನು ತೋರಿಸುತ್ತೇವೆ.